ಆಮೇಲಮ್ಮ ಕಟ್ಟಿಸಿದ ಮೇಲ್ಸೇತುವೆ

ಕೆಲವರಿಗೆ ಹೆಸರು ತೊಟ್ಟಿಲಲ್ಲಿ ಸಿಗುತ್ತದೆ, ಕೆಲವರಿಗೆ ಆಫೀಸಿನಲ್ಲಿ. ಈಕೆಗೆ ಸಿಕ್ಕಿದ್ದು ಆರೋಗ್ಯ ಇಲಾಖೆಯ ಕಚೇರಿಯಲ್ಲಿ, ಅದೂ ಟೀ ಕುಡಿಯುವ ಹೊತ್ತಿನಲ್ಲಿ. ಯಾರು ಏನೇ ಹೇಳಲಿ, ಪೂರ್ತಿ ಕೇಳಿಸಿಕೊಂಡು, ಲೋಟ ಕೆಳಗಿಟ್ಟು, "ಆಮೇಲೆ?" ಅನ್ನುತ್ತಿದ್ದಳು. ಒಂದು ದಿನ ಟೈಪಿಸ್ಟ್ ತನ್ನ ಮೈದುನನಿಗೆ ಹೆಣ್ಣು ಗೊತ್ತಾದ ಸುದ್ದಿ ತಂದಳು.

"ಆಮೇಲೆ?"

"ಆಮೇಲೇನು ಮೇಡಂ, ಮದುವೆ!"

"ಆಮೇಲೆ?"

"ಅಯ್ಯೋ, ಆಮೇಲೆ ಅವನ ಹಣೆಬರಹ! ನನ್ನನ್ನ ಯಾಕೆ ಕೇಳ್ತೀರಿ?"

ಕೋಣೆಯೆಲ್ಲ ನಕ್ಕಿತು. ಅವತ್ತಿನಿಂದ ಅವಳು ಆಮೇಲಮ್ಮ. ಎದುರಿಗೆ ಮೇಡಂ, ಬೆನ್ನ ಹಿಂದೆ ಆಮೇಲಮ್ಮ. ಬರಬರುತ್ತಾ ಎದುರಿಗೂ ಅದೇ ಆಯಿತು.

ಈ ಚಟ ಅವಳಿಗೆ ಬಂದದ್ದು ಅಮ್ಮನಿಂದ. ಅಪ್ಪ ಬೇಗ ಕಣ್ಣು ಮುಚ್ಚಿದ ಮನೆ. ಅಮ್ಮ ಹೊಲಿಗೆ ಅಂಗಡಿಗಳಿಂದ ಅಂಗಿಗಳ ಗಂಟು ತಂದು, ಕಾಜಾ ಹಾಕಿ, ಗುಂಡಿ ಹೊಲಿದು ಕೊಡುತ್ತಿದ್ದಳು. ಕೈ ಅಂಗಿಯ ಮೇಲೆ, ಬಾಯಿ ಕಥೆಯ ಮೇಲೆ. ಪಕ್ಕದಲ್ಲಿ ಬಿದ್ದುಕೊಂಡ ಮಗಳು ಹೂಂಗುಟ್ಟುವ ಬದಲು "ಆಮೇಲೆ?" ಅನ್ನಬೇಕು, ಆಗಲೇ ಸೂಜಿ ಮುಂದಕ್ಕೆ ಹೋಗುವುದು. ರಾಜನ ಮಗಳು ಬಾವಿಗೆ ಇಳಿದಳು. ಆಮೇಲೆ? ಬಾವಿಯೊಳಗೊಂದು ಬಾಗಿಲಿತ್ತು. ಆಮೇಲೆ? "ಆಮೇಲೆ ದಾರ ಮುಗೀತು, ಮಲಗು." ಹೀಗೆ ಅರ್ಧ ಕಥೆಗಳಲ್ಲೇ ಬೆಳೆದ ಹುಡುಗಿ ಓದಿ, ಪರೀಕ್ಷೆ ಬರೆದು, ಆರೋಗ್ಯ ಇಲಾಖೆಯಲ್ಲಿ ನೀರಿನ ಬಾಟಲಿ ಹಿಡಿದು ನಲ್ಲಿಯಿಂದ ನಲ್ಲಿಗೆ ಅಲೆಯುವ ಕೆಲಸಕ್ಕೆ ಸೇರಿದಳು.

ಆರೋಗ್ಯ ಇಲಾಖೆ ಅಂದರೆ ಆಗ, ಎಲ್ಲ ಮುಗಿದ ಮೇಲೆ ಬ್ಲೀಚಿಂಗ್ ಪೌಡರ್ ಹಿಡಿದುಕೊಂಡು ಓಡಿಬರುವ ಇಲಾಖೆ. ಹೊಸ ಬಡಾವಣೆಯೊಂದರಲ್ಲಿ ಕುಡಿಯುವ ನೀರಿನ ಪೈಪನ್ನು ಚರಂಡಿಯ ಮಗ್ಗುಲಲ್ಲೇ ಮಲಗಿಸಿದ್ದರು. ಪೈಪು ಸೋರಿತು, ಬೀದಿಗೆ ಬೀದಿಯೇ ಹೊಟ್ಟೆ ಹಿಡಿದುಕೊಂಡು ಆಸ್ಪತ್ರೆಗೆ ಬಂತು. ಎಲ್ಲ ತಣ್ಣಗಾದ ಮೇಲೆ ನಡೆದ ಸಭೆಯಲ್ಲಿ ಆಮೇಲಮ್ಮ ಎದ್ದು ನಿಂತಳು.

"ಸಾರ್, ಪೈಪು ಹಾಕೋ ಮೊದಲೇ ನಮ್ಮನ್ನ ಯಾಕೆ ಕೇಳಲಿಲ್ಲ?"

ಕಚೇರಿಯ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಡಾಕ್ಟರು ಅನ್ನುತ್ತಿದ್ದರು. ಅವರು ಕನ್ನಡಕ ತೆಗೆದು ನೋಡಿದರು. "ಕೇಳಿದ್ರೆ ಏನು ಹೇಳ್ತಿದ್ರಿ ನೀವು?"

"ಏನೂ ಹೇಳ್ತಿರಲಿಲ್ಲ ಸಾರ್. ಆಮೇಲೆ ಅಂತ ಕೇಳ್ತಿದ್ದೆ."

ಅವರು ನಗಲಿಲ್ಲ. ಅವರಿಗೂ ಬ್ಲೀಚಿಂಗ್ ಪೌಡರ್ ಹೊತ್ತು ಓಡಿ ಸಾಕಾಗಿತ್ತು. ಸ್ವಲ್ಪ ದಿನದಲ್ಲೇ ಕಚೇರಿಯಲ್ಲಿ ಹೊಸದೊಂದು ವಿಭಾಗ ಹುಟ್ಟಿತು. ರಸ್ತೆ, ಮಾರುಕಟ್ಟೆ, ಕಾರ್ಖಾನೆ, ಯಾವುದೇ ಬರಲಿ, ಕಟ್ಟುವ ಮೊದಲೇ ಅದರಿಂದ ಸುತ್ತಲಿನ ಜನರ ಮೈಗೆ, ಮನಸ್ಸಿಗೆ ಏನಾಗಬಹುದು ಎಂದು ಯೋಚಿಸಿ ಹೇಳುವುದು ಅದರ ಕೆಲಸ. ಬೋರ್ಡಿನ ಮೇಲೆ 'ಆರೋಗ್ಯ ಪರಿಣಾಮ ಮೌಲ್ಯಮಾಪನ' ಎಂದು ಬರೆಸಿದರು. ಅಷ್ಟುದ್ದ ಹೇಳುವಷ್ಟರಲ್ಲಿ ಟೀ ಆರಿಹೋಗುತ್ತದೆ ಎಂದು ಜನ ಅದನ್ನು 'ಆಮೇಲೆ ಸೆಕ್ಷನ್' ಅಂದರು.

ಕೊಟ್ಟದ್ದು ಮೆಟ್ಟಿಲ ಕೆಳಗಿನ ಕೋಣೆ. ಒಳಗಿದ್ದ ಮುರಿದ ಮಂಚಗಳನ್ನೇನೋ ಹೊರಗೆ ಹಾಕಿದರು. ಹಲ್ಲಿನ ಡಾಕ್ಟರ ಹಳೇ ಕುರ್ಚಿಯೊಂದು ಮಾತ್ರ ಹೇಗೆ ತಿರುಗಿಸಿದರೂ ಬಾಗಿಲು ದಾಟಲಿಲ್ಲ. ಅದು ಅಲ್ಲೇ ಉಳಿಯಿತು, ಬಂದವರನ್ನು ಅದರಲ್ಲೇ ಕೂರಿಸುವುದಾಯಿತು. ಆ ಕುರ್ಚಿಯಲ್ಲಿ ಕೂತರೆ ಬಾಯಿ ತಾನಾಗಿ ತೆರೆಯುತ್ತದೆ, ಸುಳ್ಳು ಹೊರಡುವುದಿಲ್ಲ ಎಂದು ಅಂಕಿಯಪ್ಪ ತಮಾಷೆ ಮಾಡುತ್ತಿದ್ದ. ಅಂಕಿಯಪ್ಪ ಅವಳ ಏಕೈಕ ಸಹಾಯಕ. ಲೆಕ್ಕದ ಪದವಿ ಮುಗಿಸಿ ಬಂದವನು, ಗಂಡ ಹೆಂಡತಿಯ ಜಗಳವನ್ನೂ ಶೇಕಡಾ ಲೆಕ್ಕದಲ್ಲಿ ಹೇಳುವವನು.

ಆ ಕೋಣೆಯಲ್ಲಿ ಇಬ್ಬರೂ ಸೇರಿ ಒಂದು ಪದ್ಧತಿ ಮಾಡಿಕೊಂಡರು. ಕಟ್ಟುವ ಜಾಗವನ್ನು ಮೊದಲು ಕಾಲಲ್ಲಿ ನಡೆದು ನೋಡಬೇಕು. ಅಲ್ಲಿ ಬದುಕುವವರನ್ನು ಕೂರಿಸಿ ಕೇಳಬೇಕು. ಅವರು ಏನು ಹೇಳಿದರೂ, ಇನ್ನು ಸಾಕು ಅನ್ನುವ ತನಕ "ಆಮೇಲೆ?" ಅನ್ನುತ್ತಲೇ ಹೋಗಬೇಕು. ಪದ್ಧತಿಯೇನೋ ಚೆನ್ನಾಗಿತ್ತು. ಆದರೆ ಬಹಳ ದಿನ ಯಾರೂ ಅವರನ್ನು ಕೇಳಲೇ ಇಲ್ಲ. ಬೇರೆ ಇಲಾಖೆಯವರು ಕಟ್ಟುತ್ತಲೇ ಹೋದರು, ಇವರು ಕಟ್ಟಿ ಮುಗಿದದ್ದನ್ನು ನೋಡಿ ನಿಟ್ಟುಸಿರು ಬಿಡುತ್ತಲೇ ಹೋದರು.

ಹೀಗಿರುವಾಗ ಮೊದಲ ಬಾರಿಗೆ ಒಂದು ಫೈಲು ತಾನಾಗಿ ಮೆಟ್ಟಿಲ ಕೆಳಗೆ ಇಳಿದು ಬಂತು. ಆಮೇಲಮ್ಮನ ಮನೆಯ ಮುಂದಿನ ದೊಡ್ಡ ರಸ್ತೆಯದೇ ಫೈಲು.

ಆ ರಸ್ತೆಯನ್ನು ಅಗಲ ಮಾಡಿದ ಮೇಲೆ ಲಾರಿಗಳು ತಲೆ ಕೆಟ್ಟವರ ಹಾಗೆ ಓಡುತ್ತಿದ್ದವು. ಔಷಧಿ ಅಂಗಡಿಯವರ ತಮ್ಮ ಒಬ್ಬ, ಯಾರಿಗೋ ಮಾತ್ರೆ ಕೊಟ್ಟು ಬರಲು ಹೋದವನು, ರಸ್ತೆ ದಾಟುವಾಗ ಲಾರಿಗೆ ಸಿಕ್ಕಿ ಹೋಗಿಬಿಟ್ಟ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಊರು ಸಿಟ್ಟಿಗೆದ್ದಿತು. ರಸ್ತೆ ಇಲಾಖೆಯ ಇಂಜಿನಿಯರು ನಕ್ಷೆ ಹಿಡಿದು ಬಂದು ಹಲ್ಲಿನ ಕುರ್ಚಿಯಲ್ಲಿ ಕೂತರು. ನಡುವೆ ಉದ್ದಕ್ಕೂ ಕಬ್ಬಿಣದ ಬೇಲಿ, ನಡೆದು ದಾಟುವವರಿಗೆ ಮೇಲೊಂದು ಸೇತುವೆ.

"ನೋಡಿ ಮೇಡಂ, ಜನ ಕೂಗಾಡ್ತಿದ್ದಾರೆ. ನೀವು ಹೂಂ ಅಂದ್ರೆ ನಾಳೆನೇ ಗುಂಡಿ ತೋಡಿಸ್ತೀನಿ. ಎಳೆದಾಡಿದ್ರೆ, ಇನ್ನೊಂದು ಸಲ ನಿಮ್ಮ ಬಾಗಿಲಿಗೆ ನಾವು ಬರೋದು ಸುಳ್ಳು."

ಈ ಮಾತು ಅವಳ ಎದೆಯಲ್ಲಿ ಗಟ್ಟಿಯಾಗಿ ಕೂತಿತು. ಎಷ್ಟೋ ಕಾಲಕ್ಕೆ ಕೇಳುವವರು ಬಂದಿದ್ದಾರೆ, ಬಂದವರನ್ನು ಕಾಯಿಸುವುದು ಹೇಗೆ? ಪದ್ಧತಿಯ ಪ್ರಕಾರ ನಡೆದು ನೋಡಿದರು. ಊರಿನ ಇನ್ನೊಂದು ಕಡೆ ಅಂಥದೇ ಸೇತುವೆಯೊಂದಿತ್ತು, ಅದನ್ನು ಹತ್ತಿದರು. ಅಂಕಿಯಪ್ಪ ಮೆಟ್ಟಿಲುಗಳನ್ನು ಹಾರಿ ಹಾರಿ ಹತ್ತಿ, ಮೇಲಿನಿಂದ "ಏನಿಲ್ಲ ಮೇಡಂ, ಆಟ!" ಎಂದು ಕೂಗಿದ. ಅಂಗಡಿಯವರನ್ನು ಕೇಳಿದರು, ಶಾಲೆಯವರನ್ನು ಕೇಳಿದರು. ವಯಸ್ಸಾದವರನ್ನು ಕರೆದಿದ್ದ ಸಭೆಗೆ ಮಾತ್ರ ಒಬ್ಬರೂ ಬರಲಿಲ್ಲ. ಸಭೆ ಇಟ್ಟಿದ್ದೇ ಮಹಡಿಯ ಮೇಲೆ. ಯಾಕೆ ಬರಲಿಲ್ಲ ಎಂದು ಅಲ್ಲೇ ನಿಂತು ಯೋಚಿಸಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಅವಳು ಯೋಚಿಸಲಿಲ್ಲ. ಮನೆಗೆ ಹೋದಳು.

ಅಮ್ಮ ಮಗಳ ಮನೆಯಲ್ಲೇ ಇದ್ದಳು. ಆಮೇಲಮ್ಮನ ಗಂಡ ಶಾಲೆಯ ಡ್ರಾಯಿಂಗ್ ಮೇಷ್ಟರು, ಮಾತು ಕಮ್ಮಿ, ಅತ್ತೆಯ ಕಥೆಗಳಿಗೆ ಹೂಂಗುಟ್ಟುವುದರಲ್ಲಿ ಹೆಂಡತಿಗಿಂತ ಒಂದು ಕೈ ಮೇಲು. ಅಮ್ಮನಿಗೆ ಮಂಡಿ ನೋವು. ಸಂಜೆ ಮಗಳು ಬಂದು ಮಂಡಿಗೆ ನೋವಿನ ಎಣ್ಣೆ ತಿಕ್ಕಬೇಕು, ತಿಕ್ಕುವಾಗ ಅಮ್ಮ ಆ ದಿನದ ಸುದ್ದಿಯೆಲ್ಲ ಹೇಳಬೇಕು. ಸುದ್ದಿಯೆಲ್ಲ ಬರುತ್ತಿದ್ದದ್ದು ರಸ್ತೆಯ ಆಚೆಯಿಂದ, ಹೊಲಿಗೆ ಚಿಕ್ಕಮ್ಮನ ಅಂಗಡಿಯಿಂದ. ಈ ಚಿಕ್ಕಮ್ಮ ರಕ್ತಸಂಬಂಧಿಯಲ್ಲ. ಹಿಂದೆ ಅಮ್ಮನಿಗೆ ಅಂಗಿ ಗಂಟು ಕೊಡುತ್ತಿದ್ದವಳು. ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಅಮ್ಮ ದಿನವೂ ಮಧ್ಯಾಹ್ನ ರಸ್ತೆ ದಾಟಿ, ಅಲ್ಲಿನ ಸ್ಟೂಲಿನ ಮೇಲೆ ಕೂತು, ಒಂದೆರಡು ಕಾಜಾ ಹಾಕಿ, ಲೋಕವನ್ನೆಲ್ಲ ಬಿಚ್ಚಿ ಹೊಲಿದು ಬರುತ್ತಿದ್ದಳು.

ಅವತ್ತೂ ಅಡುಗೆಮನೆಯ ಬಾಗಿಲಲ್ಲಿ ಕೂತು ಎಣ್ಣೆ ತಿಕ್ಕಿ ಆಗಿತ್ತು. ಮಗಳು ಕೈ ಒರೆಸಿಕೊಂಡು ನಕ್ಷೆ ಬಿಡಿಸಿ ತೋರಿಸಿದಳು.

"ಏನಿದು? ಏಣಿನಾ?"

"ಏಣಿ ಅಲ್ಲಮ್ಮ, ಸೇತುವೆ. ನಮ್ಮ ರಸ್ತೆಗೆ ಬರೋದು."

"ನೀನು ಮಾಡ್ಸಿದ್ದಾ?"

"ಹೂಂ ಅಂತಲೇ ಇಟ್ಕೋ. ನನ್ನ ಸಹಿ ಇಲ್ಲದೆ ಆಗಲ್ಲ."

ಅಮ್ಮ ನಕ್ಷೆಯ ಮೇಲೆ ಬೆರಳಾಡಿಸಿದಳು. ಮುಖದಲ್ಲಿ, ಮಗಳು ಪರೀಕ್ಷೆ ಪಾಸಾದ ದಿನ ಕಂಡಿದ್ದ ಅದೇ ಬೆಳಕು. "ನೋಡಪ್ಪಾ! ಕಾಜಾ ಹಾಕೋಳ ಮಗಳ ಸಹಿಗೆ ಸರ್ಕಾರ ಕಾಯುತ್ತೆ."

"ಹತ್ತೋಕಾಗುತ್ತಾ ನಿನಗೆ?"

"ಹತ್ತದೇ ಏನು! ಚೆನ್ನಾಗಿದೆ. ತುಂಬಾ ಚೆನ್ನಾಗಿದೆ."

ಅಷ್ಟೇ. ಕಚೇರಿಯಲ್ಲಿ ಜವಾನನ ಮಾತಿಗೂ "ಆಮೇಲೆ?" ಅನ್ನುವ ಹೆಂಗಸು, ಅಡುಗೆಮನೆಯ ಬಾಗಿಲಲ್ಲಿ ಅಮ್ಮನ ಮಾತಿಗೆ "ಆಮೇಲೆ?" ಅನ್ನಲಿಲ್ಲ. ಅವಳ ಅಂಗೈಯಲ್ಲಿ ನೋವಿನ ಎಣ್ಣೆಯ ವಾಸನೆ ಇನ್ನೂ ಹೋಗಿರಲಿಲ್ಲ. ಆ ಮಂಡಿ ಎಷ್ಟು ಊದಿದೆ, ಬಚ್ಚಲ ಹೊಸ್ತಿಲು ದಾಟಲು ಅಮ್ಮ ಗೋಡೆ ಹಿಡಿಯುತ್ತಾಳೆ, ಇವೆಲ್ಲ ಆ ಕೈಗೆ ಗೊತ್ತಿತ್ತು. ಮಾರನೆಯ ದಿನ ಅದೇ ಕೈ ವರದಿಯಲ್ಲಿ ಬರೆಯಿತು: ಹಿರಿಯ ನಾಗರಿಕರ ಅಭಿಪ್ರಾಯ ಪಡೆಯಲಾಗಿದೆ, ಅವರ ಒಪ್ಪಿಗೆ ಇದೆ.

ಸೇತುವೆ ಎದ್ದಿತು. ಉದ್ಘಾಟನೆಯ ದಿನ ಅಮ್ಮ ಹೊಸ ಬಟ್ಟೆ ಉಟ್ಟು, ಅಳಿಯನ ತೋಳು ಹಿಡಿದು ಬಂದಳು. ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು ಫೋಟೋಗೆ ನಿಂತಳು. ಮಿಕ್ಕವರೆಲ್ಲ ಮೇಲೆ ಹೋದಾಗ, "ನೀವು ಹೋಗಿ, ಜನ ಜಾಸ್ತಿ, ನಾನು ಇನ್ನೊಂದಿನ ಹತ್ತುತ್ತೀನಿ" ಅಂದಳು. ಆ ಫೋಟೋ ಹಾಲ್‌ನ ಗೋಡೆ ಏರಿತು.

ಸೇತುವೆಯಿಂದ ಒಳ್ಳೆಯದಾಗಲಿಲ್ಲ ಎಂದು ಹೇಳಿದರೆ ಬಾಯಲ್ಲಿ ಹುಳ ಬೀಳುತ್ತದೆ. ಆ ರಸ್ತೆಯಲ್ಲಿ ಸಾವು ನಿಂತಿತು. ಔಷಧಿ ಅಂಗಡಿಯವರು ಆಮೇಲಮ್ಮನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು. ಕಚೇರಿಯಲ್ಲಿ ದೊಡ್ಡ ಡಾಕ್ಟರು ಬಂದವರಿಗೆಲ್ಲ ಆ ಕಥೆ ಹೇಳಿದರು. ಆಮೇಲೆ ಸೆಕ್ಷನ್ ಮೆಟ್ಟಿಲ ಕೆಳಗಿನಿಂದ ಮೇಲಿನ ಮಹಡಿಗೆ, ಕಿಟಕಿ ಇರುವ ಕೋಣೆಗೆ ಹೋಯಿತು. ಊರಿನ ಎಲ್ಲ ದೊಡ್ಡ ರಸ್ತೆಗಳಿಗೂ ಇದೇ ಬಗೆಯ ಬೇಲಿ, ಇದೇ ಬಗೆಯ ಸೇತುವೆ ಕಟ್ಟುವುದೆಂದೂ, ಆಮೇಲಮ್ಮನ ವರದಿಯೇ ಎಲ್ಲಕ್ಕೂ ಮಾದರಿ ಎಂದೂ ತೀರ್ಮಾನವಾಯಿತು. ಕೊನೆಯ ಸಭೆಗೆ ದಿನವೂ ಗೊತ್ತಾಯಿತು.

ಮನೆಯಲ್ಲಿ ಮಾತ್ರ ಎಣ್ಣೆ ತಿಕ್ಕುವ ಹೊತ್ತಿನ ಸುದ್ದಿ ಕಮ್ಮಿಯಾಗುತ್ತಾ ಬಂತು. ಅಮ್ಮ ಬೇಗ ಹೂಂ ಅಂದು ಮಲಗುತ್ತಿದ್ದಳು. ವಯಸ್ಸಾಯಿತು, ಎಂದುಕೊಂಡಳು ಮಗಳು.

ಆ ಸಭೆಗೆ ಇನ್ನೇನು ವಾರವಿದೆ ಅನ್ನುವಾಗ ಅವಳಿಗೆ ಹಲ್ಲು ನೋವು ಬಂದು ಮಧ್ಯಾಹ್ನವೇ ಮನೆಗೆ ಹೊರಟಳು. ಬಸ್ಸು ಸೇತುವೆಯ ಹತ್ತಿರ ನಿಧಾನವಾಯಿತು. ಕೆನ್ನೆ ಹಿಡಿದುಕೊಂಡು ಕಿಟಕಿಯಿಂದ ನೋಡಿದರೆ, ಈಚೆ ಫುಟ್‌ಪಾತಿನ ಅಂಚಿನಲ್ಲಿ ಅಮ್ಮ ನಿಂತಿದ್ದಾಳೆ. ಒಂದು ಕೈಯಲ್ಲಿ ಕಂಬ ಹಿಡಿದು, ಇನ್ನೊಂದು ಕೈಯನ್ನು ಗಾಳಿಯಲ್ಲಿ ಆಡಿಸುತ್ತಿದ್ದಾಳೆ.

ರಸ್ತೆಯ ಆಚೆ, ಅಂಗಡಿಯ ಮುಂದೆ, ಹೊಲಿಗೆ ಚಿಕ್ಕಮ್ಮ. ಅವಳೂ ಕೈ ಆಡಿಸುತ್ತಿದ್ದಾಳೆ. ನಡುವೆ ಲಾರಿ ಹಾದುಹೋದರೆ ಇಬ್ಬರೂ ಕೈ ಹಾಗೇ ಎತ್ತಿ ಹಿಡಿದು ಕಾಯುವರು, ಲಾರಿ ಹೋದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುವರು. ಅಮ್ಮ ಬೆರಳನ್ನು ಬಾಯಿಗೆ ತೋರಿಸಿ ತಟ್ಟೆಯ ಆಕಾರ ಮಾಡಿದಳು: ಊಟ ಆಯ್ತಾ. ಚಿಕ್ಕಮ್ಮ ಎರಡು ಕೈ ಕೆನ್ನೆಗೆ ಒತ್ತಿ ತಲೆ ವಾಲಿಸಿ, ಇಲ್ಲವೆಂದು ಬೆರಳಾಡಿಸಿದಳು: ನಿದ್ದೆ ಇಲ್ಲ. ಅಮ್ಮ ಗಾಳಿಯಲ್ಲೊಂದು ಸೂಜಿ ಎಳೆದು ತೋರಿಸಿದಳು. ಚಿಕ್ಕಮ್ಮ ಹೊಟ್ಟೆ ಹಿಡಿದು ನಕ್ಕಳು. ಆ ನಗು ರಸ್ತೆ ದಾಟಿ ಬರಲಿಲ್ಲ.

ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು, "ಪಾಪ, ದಿನಾ ಹೀಗೇ ನಿಂತಿರ್ತಾರೆ ರೀ" ಅಂದಳು. "ನಾನು ಮೊದಲು ಮೂಗಿಯರು ಅಂದ್ಕೊಂಡಿದ್ದೆ."

ಆಮೇಲಮ್ಮ ತನ್ನ ಸ್ಟಾಪಿನಲ್ಲಿ ಇಳಿಯಲಿಲ್ಲ. ಇಳಿದರೆ ಅಮ್ಮನಿಗೆ ಎದುರಾಗಬೇಕು. ಮುಂದಿನ ಸ್ಟಾಪಿನಲ್ಲಿ ಇಳಿದು, ಕಳ್ಳಿಯ ಹಾಗೆ ಹಿಂದಿನ ಬೀದಿಯಿಂದ ಮನೆ ಸೇರಿದಳು. ಹಲ್ಲು ನೋವು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಸಂಜೆ ಗಂಡನನ್ನು ಹಿತ್ತಲಿಗೆ ಕರೆದಳು. "ನಿಮಗೆ ಗೊತ್ತಿತ್ತಾ?"

ಮೇಷ್ಟರು ಒಣಗಿದ ಬಟ್ಟೆ ಮಡಚುತ್ತಾ ನಿಂತರು. "ಗೊತ್ತಿತ್ತು. ಶಾಲೆಗೆ ಹೋಗೋವಾಗ ನಾನೇ ಅಂಗಿ ಗಂಟು ದಾಟಿಸ್ತೀನಿ, ಬರೋವಾಗ ಕಾಜಾ ಹಾಕೋಕೆ ಹೊಸದು ತರ್ತೀನಿ. ಅಂಚೆಯಣ್ಣ ಅಂತ ಹೆಸರಿಟ್ಟಿದ್ದಾರೆ ನಂಗೆ."

"ನನಗೆ ಯಾಕೆ ಹೇಳಲಿಲ್ಲ?"

"ಅತ್ತೆ ಆಣೆ ಹಾಕಿಸಿಕೊಂಡ್ರು. 'ಅವಳು ಕಟ್ಟಿಸಿದ್ದು ಅಳಿಯಂದ್ರೇ, ಅವಳಿಗೆ ಗೊತ್ತಾದ್ರೆ ನೊಂದ್ಕೋತಾಳೆ' ಅಂದ್ರು. ಒಂದ್ಸಲ ಹತ್ತೋಕೆ ಹೋಗಿದ್ರು. ಅರ್ಧಕ್ಕೆ ಕೂತುಬಿಟ್ರು. ಶಾಲೆ ಬಿಟ್ಟ ಮೇಲೆ ನಾನು ಇಳಿಸಿಕೊಂಡು ಬಂದೆ."

ಆಮೇಲಮ್ಮ ಬಾವಿಯೊಳಗೆ ಇಳಿದ ರಾಜಕುಮಾರಿಯ ಹಾಗೆ ನಿಂತಳು. ಮೇಲೆ ಬರುವ ದಾರಿಯೇ ಕಾಣಲಿಲ್ಲ. ಮನೆಯಲ್ಲಿರುವುದು ಮೂರು ಜನ, ಅದರಲ್ಲಿ ಇಬ್ಬರು ಸೇರಿ ಮೂರನೆಯವಳನ್ನು ಅವಳದೇ ತಪ್ಪಿನಿಂದ ಕಾಪಾಡುತ್ತಿದ್ದಾರೆ.

ಎಣ್ಣೆ ತಿಕ್ಕುವಾಗ ಕೇಳಿದಳು. "ಅಮ್ಮಾ, ಚಿಕ್ಕಮ್ಮನ ಅಂಗಡಿಗೆ ಹೋಗಿದ್ಯಾ ಇವತ್ತು?"

"ಹೋಗದೇ ಏನು."

"ಹೇಗೆ ಹೋದೆ?"

"ನಿನ್ನ ಸೇತುವೆ ಮೇಲೇ. ಗಾಳಿ ಚೆನ್ನಾಗಿ ಬರುತ್ತೆ ಅಲ್ಲಿ."

"ಅಮ್ಮಾ, ನಾನು ನೋಡಿದೆ."

ಅಮ್ಮ ತಟ್ಟನೆ ಕಾಲು ಎಳೆದುಕೊಂಡಳು. ಸ್ವಲ್ಪ ಹೊತ್ತು ಗೋಡೆಯ ಫೋಟೋ ನೋಡಿದಳು. "ಹೋಗ್ಲಿ ಬಿಡೇ. ಅಂಗಡಿಗೆ ಹೋಗಿ ಈ ವಯಸ್ಸಲ್ಲಿ ನಾನೇನು ಸಾಧಿಸ್ಬೇಕು? ಆ ಔಷಧಿ ಅಂಗಡಿ ಹುಡುಗನ ಹೆಂಡ್ತೀನ ನೆನೆಸ್ಕೋ. ಅಂಥ ಇನ್ನೊಂದು ಹೆಣ್ಣಿನ ಮುಂದೆ ನನ್ನ ಮಂಡಿ ಯಾವ ದೊಡ್ಡದು?"

"ಗಾಡಿ ಮಾಡಿಸ್ಕೊಡ್ತೀನಿ, ದಿನಾ ಸುತ್ತಿ ಹೋಗು."

"ಗಾಡೀಲಿ ಹೋಗೋದು ನೆಂಟರ ಮನೆಗೆ. ಹೊಲಿಗೆ ಅಂಗಡಿಗೆ ಗಾಡೀಲಿ ಹೋಗಿ ಇಳಿದ್ರೆ ಅವಳು ಸ್ಟೂಲ್ ಒರೆಸಿ ಕೊಟ್ಟು ಟೀ ತರಿಸ್ತಾಳೆ. ಆಮೇಲೆ ಜಗಳ ಆಡೋದು ಹೇಗೆ?"

ನಗು ಬರಬೇಕಿತ್ತು, ಅವಳಿಗೆ ಬರಲಿಲ್ಲ. ಅಮ್ಮ ಬೈದಿದ್ದರೆ ಒಂದು ತೂಕ ಇಳಿಯುತ್ತಿತ್ತು. ಬೈಯದೆ, ಮಗಳ ತಲೆಗೂದಲು ಸವರಿ, ದೀಪ ಆರಿಸು ಅಂದಳು.

ಮರುದಿನ ಆಮೇಲಮ್ಮ ಮೇಲಿನ ಕೋಣೆಗೆ ಹೋಗಲಿಲ್ಲ. ಮೆಟ್ಟಿಲ ಕೆಳಗಿನ ಹಳೇ ಕೋಣೆಯ ಬಾಗಿಲು ತೆಗೆಸಿ, ಹಲ್ಲಿನ ಕುರ್ಚಿಯಲ್ಲಿ ತಾನೇ ಕೂತು, ಅಂಕಿಯಪ್ಪನನ್ನು ಕರೆಸಿದಳು.

"ಕೇಳು ನನ್ನನ್ನ. ಹಿರಿಯರು ಒಪ್ಪಿದ್ದಾರೆ ಅಂತ ಬರೆದೆನಲ್ಲ, ಯಾವ ಹಿರಿಯರು ಅಂತ ಕೇಳು."

ಅಂಕಿಯಪ್ಪ ತಮಾಷೆ ಅಂದುಕೊಂಡು ನಗುತ್ತಾ ಕೇಳಿದ. ಅವಳು ಹೇಳಿದಳು. ಅವನ ನಗು ಮೀಸೆಯಲ್ಲೇ ಒಣಗಿತು.

"ಒಬ್ಬರೇನಾ ಮೇಡಂ? ಅದೂ ನಿಮ್ಮ ತಾಯಿನಾ?"

"ಆಮೇಲೆ ಅಂತ ಕೇಳೋ."

"ಆಮೇಲೆ?"

"ಅವರ ಮಂಡಿ ನನಗೆ ಗೊತ್ತಿತ್ತು."

ಅಂಕಿಯಪ್ಪ, "ನಾನೂ ಹಾರಿ ಹಾರಿ ಹತ್ತಿದೆನಲ್ಲ ಮೇಡಂ" ಅಂದ. ಆ ಮಧ್ಯಾಹ್ನದಿಂದ ಇಬ್ಬರೂ ಸೇತುವೆಯ ಬುಡದಲ್ಲಿ ನಿಂತರು. ಹತ್ತುವವರನ್ನಲ್ಲ, ಹತ್ತದೆ ಹಿಂದಿರುಗುವವರನ್ನು ನೋಡಿದರು. ಕೋಲು ಹಿಡಿದವರು, ಬಸುರಿಯರು, ತಳ್ಳುಗಾಡಿಯವರು. ಬುಡದ ತನಕ ಬಂದು, ತಲೆ ಎತ್ತಿ ನೋಡಿ, ಏನೋ ಮರೆತವರ ಹಾಗೆ ವಾಪಸ್ಸು ತಿರುಗುವವರು. ಅಂಥವರು ಒಬ್ಬಿಬ್ಬರಲ್ಲ. ಅಮ್ಮನೊಬ್ಬಳದೇ ಅಂದುಕೊಂಡಿದ್ದ ನೋವು ಹಂಚಿಹೋಗುವ ಬದಲು ಇನ್ನಷ್ಟು ಬೆಳೆಯಿತು.

ದೊಡ್ಡ ಡಾಕ್ಟರು ಎಲ್ಲ ಕೇಳಿ ತಲೆ ಒತ್ತಿಕೊಂಡರು.

"ಸಾವು ಕಮ್ಮಿ ಆಗಿದೆ ಅಲ್ವಾ?"

"ಆಗಿದೆ ಸಾರ್."

"ಮತ್ತೆ? ಇನ್ನೆಲ್ಲ ರಸ್ತೆಗಳಿಗೂ ಇದನ್ನೇ ಮಾದರಿ ಅಂತ ಇಟ್ಕೊಂಡಿದ್ದಾರೆ. ಈಗ ಹೋಗಿ, ನಾವು ಸರಿಯಾಗಿ ಕೇಳಿರಲಿಲ್ಲ ಅಂದ್ರೆ ಏನಾಗುತ್ತೆ ಗೊತ್ತಾ? ನಮ್ಮ ಸೆಕ್ಷನ್ನಿಗೆ ಬೀಗ ಹಾಕ್ತಾರೆ. ಆಮೇಲೆ ಪೈಪು ಚರಂಡಿ ಪಕ್ಕ ಬಂದ್ರೂ ಕೇಳೋರಿರಲ್ಲ. ಅದನ್ನೂ ಯೋಚಿಸಿ."

ಅವಳು ಅದನ್ನೂ ಯೋಚಿಸಿದಳು. ಆ ಮಾತು ಸುಳ್ಳಲ್ಲ, ಅದಕ್ಕೇ ಅದು ಭಾರವಾಗಿತ್ತು. ಸುಮ್ಮನಿದ್ದರೆ ವಿಭಾಗ ಉಳಿಯುತ್ತದೆ. ಆದರೆ ಊರಿನ ಪ್ರತಿ ರಸ್ತೆಯ ಎರಡೂ ಬದಿಗೆ ಕೈ ಆಡಿಸುವ ಮುದುಕಿಯರು ನಿಲ್ಲುತ್ತಾರೆ, ಅವರೆಲ್ಲರ ಒಪ್ಪಿಗೆಯಾಗಿ ಅವಳ ಅಮ್ಮನ ಒಂದು "ಚೆನ್ನಾಗಿದೆ" ನಿಂತಿರುತ್ತದೆ. ಮಗಳ ಮೇಲಿನ ಪ್ರೀತಿಗೆ ಹೇಳಿದ ಸುಳ್ಳು ಅಷ್ಟು ದೂರ ಹೋಗಬೇಕೇ?

ಸಭೆಯಲ್ಲಿ ಎದ್ದು ಹೇಳಿದಳು. ಹೇಳುವಾಗ ಮೇಜು ಹಿಡಿದಿದ್ದಳು. ಸಾವು ನಿಂತದ್ದು ನಿಜ, ಸೇತುವೆ ಇರಲಿ. ಆದರೆ ನಡೆಯಲಾರದವರ ಪಾಲಿಗೆ ರಸ್ತೆಯೇ ಮುಚ್ಚಿಹೋಗಿದೆ. ವರದಿಯಲ್ಲಿರುವ ಹಿರಿಯರು ಒಬ್ಬರೇ, ಅವರು ನನ್ನ ತಾಯಿ. ಕೆಳಗೂ ದಾಟುವ ದಾರಿ ಬೇಕು, ಸಿಗ್ನಲ್ ಬೇಕು. ಅದಿಲ್ಲದೆ ಇದು ಯಾವ ರಸ್ತೆಗೂ ಮಾದರಿಯಲ್ಲ.

ಇಂಜಿನಿಯರು ಕುರ್ಚಿಗೆ ಒರಗಿ ನಕ್ಕರು. "ಅಲ್ಲ ಮೇಡಂ, ಆಮೇಲೆ ಆಮೇಲೆ ಅಂತ ನಮ್ಮ ಜೀವ ತಿಂತೀರಿ. ನಿಮ್ಮ ಮನೇಲೇ ಕೇಳೋಕೆ ಮರೆತ್ರಾ?"

"ಹೌದು, ಮರೆತೆ" ಅಂದು ಅವಳು ಕೂತಳು.

ಬೀಗವೇನೂ ಬೀಳಲಿಲ್ಲ. ಆದರೆ ಮೇಲಿನ ಕೋಣೆ ಬೇರೆಯವರಿಗೆ ಬೇಕಾಯಿತು, ಆಮೇಲೆ ಸೆಕ್ಷನ್ ತಿರುಗಿ ಮೆಟ್ಟಿಲ ಕೆಳಗಿಳಿಯಿತು. ಹಲ್ಲಿನ ಕುರ್ಚಿ ಅಲ್ಲೇ ಕಾಯುತ್ತಿತ್ತು. ಬೇರೆ ರಸ್ತೆಗಳ ಸೇತುವೆಗಳು ನಿಂತುಹೋದವು. ನಡೆಯಲಾರದವರನ್ನೂ ಕರೆದುಕೊಂಡು ಹೋಗಿ ನೋಡಿ ಬಂದ ಮೇಲೆಯೇ ಮುಂದಿನ ಮಾತು ಎಂದಾಯಿತು. ದೊಡ್ಡ ಡಾಕ್ಟರು ಬಹಳ ದಿನ ಅವಳೊಡನೆ ಮಾತಾಡಲಿಲ್ಲ. ಒಂದು ದಿನ ತಾವಾಗಿ ಬಂದು, ಹಲ್ಲಿನ ಕುರ್ಚಿಯಲ್ಲಿ ಕೂತು, "ನಮ್ಮ ಪದ್ಧತಿಗೆ ಇನ್ನೊಂದು ನಿಯಮ ಸೇರಿಸಿ" ಅಂದರು. "ತಮ್ಮ ಮನೆಯವರನ್ನ ತಾವೇ ಕೇಳಬಾರದು. ಬೇರೆಯವರು ಹೋಗಿ ಕೇಳ್ಬೇಕು." ಅವಳು ತಲೆ ತಗ್ಗಿಸಿ ಬರೆದುಕೊಂಡಳು. ಮುಂದೆ ಆ ವಿಭಾಗಕ್ಕೆ ಹೊಸಬರು ಯಾರೇ ಬಂದರೂ ಅವಳು ಮೊದಲು ಹೇಳಿಕೊಡುತ್ತಿದ್ದದ್ದು ಅದನ್ನೇ. ಆ ನಿಯಮ ಹುಟ್ಟಿದ್ದು ಯಾವ ಅಡುಗೆಮನೆಯಲ್ಲಿ ಎಂಬುದನ್ನೂ ಬಿಡದೆ ಹೇಳುತ್ತಿದ್ದಳು.

ಇತ್ತ ಸಿಗ್ನಲ್ಲಿನ ಕೆಲಸ ಆಮೆಗತಿಯಲ್ಲಿ ಸಾಗಿತು. ಕಂಬ ಬಂದಾಗ ದೀಪ ಬರಲಿಲ್ಲ, ದೀಪ ಬಂದಾಗ ತಂತಿ ಬರಲಿಲ್ಲ. ಅಮ್ಮ ದಿನವೂ ಫುಟ್‌ಪಾತಿನಲ್ಲಿ ನಿಂತು ಕೈ ಆಡಿಸಿದಳು. ಒಂದೊಂದು ದಿನ ಮನೆಯ ಗೇಟಿನ ತನಕ ಮಾತ್ರ ಬಂದು ತಿರುಗಿದಳು. ನಡೆಯುವ ಅಭ್ಯಾಸ ತಪ್ಪಿದ ಕಾಲುಗಳು ಕಟ್ಟಿಗೆಯಾಗತೊಡಗಿದ್ದವು. ಎಣ್ಣೆ ತಿಕ್ಕುವ ಕೈಗೆ ಅದು ತಿಳಿಯುತ್ತಿತ್ತು. ತೊಡೆಯ ಮಾಂಸ ಇಳಿದಿತ್ತು, ಮಂಡಿ ಮಾತ್ರ ಉಳಿದಿತ್ತು.

ಅಂತೂ ಬೇಲಿಯ ನಡುವೆ ಬಾಗಿಲಿನಷ್ಟು ಜಾಗ ಬಿಡಿಸಿ, ಬಿಳಿ ಪಟ್ಟೆ ಬಳಿದು, ಸಿಗ್ನಲ್ ಹಚ್ಚಿದರು. ಯಾವ ಉದ್ಘಾಟನೆಯೂ ಇರಲಿಲ್ಲ. ಆಮೇಲಮ್ಮ ರಜೆ ಹಾಕಿ ಅಮ್ಮನನ್ನು ಕರೆದುಕೊಂಡು ಬಂದಳು. ಆಚೆ ಅಂಗಡಿಯ ಮುಂದೆ ಚಿಕ್ಕಮ್ಮ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡೇ ಕಾಯುತ್ತಿದ್ದಳು.

ಹಸಿರು ಬಂತು. ಗಾಡಿಗಳು ನಿಂತವು. ಅಮ್ಮ ಮಗಳ ತೋಳು ಹಿಡಿದು ಇಳಿದಳು. ಹಿಂದೆ ಇದೇ ರಸ್ತೆಯನ್ನು ಒಬ್ಬಳೇ ದಾಟುತ್ತಿದ್ದವಳು ಈಗ ಒಂದೊಂದು ಪಟ್ಟೆಗೂ ನಿಂತು ಉಸಿರು ತಗೊಂಡಳು. ನಡುವಿನ ಕಟ್ಟೆ ಮುಟ್ಟುವಷ್ಟರಲ್ಲಿ ದೀಪ ಮಿಟುಕಿ ಕೆಂಪಾಯಿತು. ಗಾಡಿಗಳು ಮೊರೆದು ಹೊರಟವು. ಎರಡೂ ಕಡೆ ಲಾರಿಗಳ ನಡುವೆ, ಮೈಯಗಲದ ಕಟ್ಟೆಯ ಮೇಲೆ ತಾಯಿ ಮಗಳು ನಿಂತರು.

"ಅಕ್ಕಾ, ಅಲ್ಲೇ ಇರು! ನಾನೇ ಬರ್ತೀನಿ!" ಆಚೆಯಿಂದ ಚಿಕ್ಕಮ್ಮ ಕೂಗಿದಳು.

ಮುಂದಿನ ಹಸಿರಿಗೆ ಚಿಕ್ಕಮ್ಮ ಓಡುವುದಕ್ಕೂ ನಡೆಯುವುದಕ್ಕೂ ನಡುವಿನ ಹೆಜ್ಜೆಯಲ್ಲಿ ಬಂದು ಕಟ್ಟೆ ಹತ್ತಿದಳು. ಇಬ್ಬರೂ ಕೈ ಕೈ ಹಿಡಿದುಕೊಂಡರು. ಇಷ್ಟು ದಿನ ಗಾಳಿಯಲ್ಲಿ ಆಡಿದ ಕೈಗಳಿಗೆ ಹತ್ತಿರ ಬಂದಾಗ ಏನು ಮಾಡುವುದೆಂದೇ ತಿಳಿಯಲಿಲ್ಲ.

"ಏನೇ, ಇಷ್ಟು ಇಳಿದುಹೋಗಿದ್ದೀಯಾ? ದೂರದಿಂದ ದಪ್ಪ ಕಾಣ್ತಿದ್ದೆ."

"ನೀನೋ? ಕೂದಲೆಲ್ಲ ಎಲ್ಲಿ ಹೋಯ್ತು ಅಕ್ಕಾ?"

ಇಬ್ಬರೂ ನಕ್ಕು ಕಣ್ಣೊರೆಸಿಕೊಂಡರು. ಆಮೇಲಮ್ಮ ಪಕ್ಕದಲ್ಲಿ, ಕರೆಯದ ಮನೆಗೆ ಬಂದವಳ ಹಾಗೆ ನಿಂತಿದ್ದಳು. ಅಮ್ಮ ತಿರುಗಿ ಮಗಳ ಮುಖ ನೋಡಿದಳು.

"ಚೆನ್ನಾಗಿದೆ" ಅಂದಳು. "ಸಿಗ್ನಲ್ಲು ತುಂಬಾ..."

"ಅಮ್ಮಾ, ಬೇಡ." ಅವಳ ದನಿ ಲಾರಿಗಳ ಸದ್ದಿನಲ್ಲಿ ಒಡೆಯಿತು. "ಈ ಸಲ ಬೇಡ. ನಿಜ ಹೇಳು."

ಅಮ್ಮ ಹೇಳಲೋ ಬೇಡವೋ ಎಂದು ಗೆಳತಿಯನ್ನು ನೋಡಿದಳು. ಗೆಳತಿ ಮೊಣಕೈಯಲ್ಲಿ ತಿವಿದಳು.

"ಚೆನ್ನಾಗಿಲ್ಲ" ಅಂದಳು ಅಮ್ಮ. "ಎಲ್ಲಿ ಚೆನ್ನಾಗಿದೆ? ಈ ದೀಪಕ್ಕೆ ಏನು ಅವಸರ, ಹೆರಿಗೆಗೆ ಹೋಗ್ಬೇಕಾ ಇದಕ್ಕೆ? ಕಟ್ಟೆ ಮೇಲೆ ಕೂರೋಕೆ ಒಂದು ಹಿಡಿ ಜಾಗ ಇಲ್ಲ. ನಿನ್ನ ಸೇತುವೆನೂ ಚೆನ್ನಾಗಿರಲಿಲ್ಲ, ಹತ್ತಿದ ದಿನ ಪ್ರಾಣ ಹೋಗಿ ಬಂತು ನಂಗೆ. ಅಲ್ಲೇ ಕೂತು ಅತ್ಬಿಟ್ಟೆ. ಗೊತ್ತಾಯ್ತಾ?"

"ಅವತ್ತೇ ಯಾಕಮ್ಮ ಹೇಳಲಿಲ್ಲ? ಕೇಳಿದ್ದೆನಲ್ಲ."

"ನೀನು ಮಗಳಾಗಿ ಕೇಳಿದೆ, ನಾನು ತಾಯಿಯಾಗಿ ಹೇಳಿದೆ. ಆಫೀಸಿನವಳಾಗಿ ಬಂದು ಕೇಳಿದ್ರೆ, ಸರ್ಕಾರದ ಮುಖಕ್ಕೆ ಮಂಗಳಾರತಿ ಎತ್ತಿ ಕಳಿಸ್ತಿದ್ದೆ."

ಮಗಳು ಬಗ್ಗಿ, ಆ ರಸ್ತೆಯ ನಡುವೆಯೇ, ಅಮ್ಮನ ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದಳು. ದೀಪವನ್ನು ನಿಧಾನ ಮಾಡಿಸಬಹುದು, ಕಟ್ಟೆಯನ್ನು ಅಗಲ ಮಾಡಿಸಬಹುದು. ಈ ಕಾಲುಗಳಿಂದ ಇಳಿದುಹೋದ ದಿನಗಳನ್ನು ಯಾವ ಇಲಾಖೆಗೆ ಬರೆದರೂ ತರಿಸುವುದಕ್ಕಾಗುವುದಿಲ್ಲ.

"ಏಳೇ, ಜನ ನೋಡ್ತಾರೆ" ಅಂದಳು ಅಮ್ಮ.

ಅವಳು ಎದ್ದಳು. ಮುಖ ಒರೆಸಿಕೊಂಡಳು. ಎಷ್ಟೋ ಹಿಂದೆ, ಎಣ್ಣೆಗೈಯಲ್ಲಿ ನಕ್ಷೆ ಹಿಡಿದು ನಿಂತಾಗ ಕೇಳಬೇಕಾಗಿದ್ದನ್ನು ಈಗ ಕೇಳಿದಳು.

"ಆಮೇಲೆ?"

"ಆಮೇಲೆ," ಅಂದಳು ಅಮ್ಮ, ಮತ್ತೆ ಕೆಂಪಾಗಿದ್ದ ದೀಪವನ್ನು ನೋಡುತ್ತಾ, "ಆ ಮೆಟ್ಟಿಲ ಕಂಬಿ ಇದೆಯಲ್ಲ, ಬಿಸಿಲಿಗೆ ಕಾದು ಕೈ ಸುಡುತ್ತೆ. ಅದನ್ನೂ ಹೇಳ್ತೀನಿ, ಕೇಳು."